ಆಸ್ಪತ್ರೆಯ ಆಚೆ ಓಟಿ: ಹೊಸ ಕೆಲಸದ ದಾರಿ ಹಿಡಿಯುವುದು ಹೇಗೆ?

ಕಾಯಿಲೆ, ಗಾಯ ಅಥವಾ ವೈಕಲ್ಯದಿಂದ ದಿನದ ಕೆಲಸಗಳು ಕಷ್ಟವಾದವರಿಗೆ ಅವನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ ಆಕ್ಯುಪೇಷನಲ್ ಥೆರಪಿ, ಚಿಕ್ಕದಾಗಿ ಓಟಿ. ಅದನ್ನು ಓದಿದವರಿಗೆ ಎಲ್ಲರೂ ತೋರಿಸುವುದು ಮೂರ್ನಾಲ್ಕು ಜಾಗ. ಆಸ್ಪತ್ರೆ, ಪುನರ್ವಸತಿ ಕೇಂದ್ರ, ವಿಶೇಷ ಶಾಲೆ, ಇಲ್ಲವೇ ಮಕ್ಕಳ ಥೆರಪಿ ಕ್ಲಿನಿಕ್. ಒಂದರ ಹಿಂದೆ ಒಂದು ಸೆಷನ್, ಅದು ಮುಗಿದರೆ ದಾಖಲೆ ಬರೆಯುವ ಕೆಲಸ. ರೋಗಿಗಳನ್ನು ಎತ್ತಿ ಇಳಿಸಿ ಸೊಂಟವೂ ಸೋತಿರುತ್ತದೆ. ಕೆಲವು ವರ್ಷ ಆದ ಮೇಲೆ ಇನ್ನು ಸಾಕು ಅನಿಸಿದರೆ, ಹೆಚ್ಚಿನವರು ವೃತ್ತಿಯನ್ನೇ ಬಿಡುವ ಯೋಚನೆ ಮಾಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಓದಿದ್ದನ್ನು ಕೈಯಲ್ಲೇ ಇಟ್ಟುಕೊಂಡು ಕೆಲಸದ ಜಾಗ ಬದಲಿಸಬಹುದು.

ಇದು ವೃತ್ತಿಗೆ ಹೊಸದೂ ಅಲ್ಲ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಸೇರಿ ಓಟಿಯ ಮೊದಲ ರಾಷ್ಟ್ರೀಯ ಸಂಘ ಕಟ್ಟಿದವರಲ್ಲಿ ಜಾರ್ಜ್ ಎಡ್ವರ್ಡ್ ಬಾರ್ಟನ್ ಆರ್ಕಿಟೆಕ್ಟ್. ಸೂಸನ್ ಕಾಕ್ಸ್ ಜಾನ್ಸನ್ ಕರಕುಶಲ ಕಲೆ ಕಲಿಸುತ್ತಿದ್ದ ಟೀಚರ್. ಕಟ್ಟಡ, ಉಪಕರಣ, ಕೈಕೆಲಸ ಇವೆಲ್ಲ ಮೊದಲ ದಿನದಿಂದಲೇ ನಮ್ಮವು.

ಮೊದಲು: ನಿಮ್ಮ ವಿದ್ಯೆಯನ್ನು ಹೊರಗಿನವರಿಗೆ ತಿಳಿಯುವಂತೆ ಹೇಳಿ

‘ಎಡಿಎಲ್ ಟ್ರೇನಿಂಗ್ (ಸ್ನಾನ, ಊಟ, ಬಟ್ಟೆ ತೊಡುವಂಥ ದಿನದ ಕೆಲಸಗಳ ತರಬೇತಿ) ಮಾಡಿದ್ದೇನೆ’ ಅಂದರೆ ಕಂಪನಿಯವರಿಗೆ ಏನೂ ತಿಳಿಯುವುದಿಲ್ಲ. ಓಟಿಯ ನಿಜವಾದ ಬಂಡವಾಳ ಚಟುವಟಿಕೆಯ ವಿಶ್ಲೇಷಣೆ. ಒಂದು ಕೆಲಸವನ್ನು ಬಿಡಿ ಬಿಡಿಯಾಗಿ ನೋಡಿ, ಯಾರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಅಂತ ಹೇಳುವುದು.

ಔಷಧಿ ಬಾಟಲಿಯ ಮುಚ್ಚಳವನ್ನೇ ತಗೊಳ್ಳಿ, ಮಕ್ಕಳು ತೆರೆಯಬಾರದು ಅಂತ ಒತ್ತಿ ತಿರುಗಿಸುವ ಹಾಗೆ ಮಾಡಿರುತ್ತಾರಲ್ಲ, ಅದು. ಒಂದು ಕೈ ಬಾಟಲಿ ಜಾರದಂತೆ ಹಿಡಿಯಬೇಕು. ಇನ್ನೊಂದು ಅಂಗೈ ಕೆಳಕ್ಕೆ ಒತ್ತಬೇಕು. ಆ ಒತ್ತಡ ಬಿಡದೆ ಬೆರಳುಗಳು ತಿರುಗಿಸಬೇಕು. ಪಾರ್ಶ್ವವಾಯು ಹೊಡೆದು ಒಂದೇ ಕೈ ಆಡುವವರಿಗೆ ಮೊದಲ ಹಂತದಲ್ಲೇ ತೊಡಕು. ಬೆರಳ ಕೀಲು ಊದಿಕೊಂಡವರು ಒತ್ತುತ್ತಾರೆ, ತಿರುಗಿಸುವಾಗ ನೋವಿಗೆ ಬಿಟ್ಟುಬಿಡುತ್ತಾರೆ. ನೆನಪು ಕುಂದಿದವರು ತಿರುಗಿಸುತ್ತಲೇ ಇರುತ್ತಾರೆ, ಒತ್ತಬೇಕು ಅನ್ನುವುದೇ ಹೊಳೆಯುವುದಿಲ್ಲ. ಮುಚ್ಚಳ ಒಂದೇ, ತೊಂದರೆ ಮೂರು ಬಗೆ, ಮೂರಕ್ಕೂ ಪರಿಹಾರ ಬೇರೆ. ನಿಮಗೆ ಇದು ನೋಡಿದ ಕೂಡಲೇ ಕಾಣುತ್ತದೆ. ಅದನ್ನು ತಯಾರಿಸುವವರಿಗೆ ಕಾಣದೇ ಇರಬಹುದು.

ಇತ್ತೀಚಿನ ಮೂರು ಕೇಸ್ ಆರಿಸಿಕೊಳ್ಳಿ. ತೊಂದರೆ ಏನಿತ್ತು, ನೀವು ಏನು ಗಮನಿಸಿದಿರಿ, ಏನು ಬದಲಿಸಿದಿರಿ, ಆಮೇಲೆ ಏನಾಯಿತು ಅಂತ ಬರೆಯಿರಿ. ವೈದ್ಯಕೀಯ ಪದ ಒಂದೂ ಬೇಡ. ಹೆಸರು, ಗುರುತು ಯಾವುದೂ ಇರಬಾರದು.

ಆಮೇಲೆ: ಒಂದು ಕ್ಷೇತ್ರ ಆರಿಸಿ

ಮನೆ ಮಾರ್ಪಾಡು ನನಗೆ ಎಲ್ಲಕ್ಕಿಂತ ಇಷ್ಟದ ಕ್ಷೇತ್ರ. ಇಲ್ಲಿ ಅಳತೆ ಗೊತ್ತಿರಲೇಬೇಕು. ಗಾಲಿಕುರ್ಚಿಯ ರ್‍ಯಾಂಪ್‌ಗೆ ಸಾಮಾನ್ಯವಾಗಿ ಹಿಡಿಯುವ ಇಳಿಜಾರು 1:12. ಅಂದರೆ ಬಾಗಿಲ ಮುಂದಿನ ಎತ್ತರ 60 ಸೆಂ.ಮೀ. ಇದ್ದರೆ ರ್‍ಯಾಂಪ್ 7.2 ಮೀಟರ್ ಉದ್ದ ಬೇಕು. ಕುರ್ಚಿ ಪೂರ್ತಿ ತಿರುಗಲು ಸುಮಾರು 1.5 ಮೀಟರ್ ಜಾಗ ಬೇಕು. ಆದರೆ ಈ ಲೆಕ್ಕ ಕಂಟ್ರಾಕ್ಟರ್‌ಗೂ ಬರುತ್ತದೆ. ರಾತ್ರಿ ನಿದ್ದೆಗಣ್ಣಲ್ಲಿ ಏಳುವವರು ಯಾವ ಕೈಯಿಂದ ಏನನ್ನು ಹಿಡಿಯುತ್ತಾರೆ, ಟವೆಲ್ ಸ್ಟ್ಯಾಂಡಿನ ಮೇಲೆ ಭಾರ ಹಾಕುತ್ತಾರಾ, ಕಮೋಡಿನಿಂದ ಏಳುವಾಗ ಎಡಕ್ಕೆ ವಾಲುತ್ತಾರಾ, ಇದನ್ನು ನೋಡುವುದು ನೀವು. ಹಿಡಿಕೆಯನ್ನು ಯಾವ ಗೋಡೆಗೆ, ಯಾವ ಎತ್ತರಕ್ಕೆ ಹಾಕಬೇಕು ಅನ್ನುವುದು ಅಲ್ಲಿಂದಲೇ ತೀರ್ಮಾನ ಆಗುತ್ತದೆ.

ಎರಡನೆಯದು ಕೆಲಸದ ಜಾಗದ ಎರ್ಗನಾಮಿಕ್ಸ್, ಅಂದರೆ ಕೆಲಸ ಮತ್ತು ಉಪಕರಣವನ್ನು ಮಾಡುವವರ ಮೈಗೆ ಹೊಂದಿಸುವುದು. ಎಲ್ಲರ ಕಣ್ಣು ಆಫೀಸ್ ಕುರ್ಚಿಯ ಮೇಲೆ. ಆದರೆ ನಿಜವಾದ ಅಗತ್ಯ ಗೋದಾಮು, ಕಾರ್ಖಾನೆಗಳಲ್ಲಿ ಜಾಸ್ತಿ. ಮೈಯ ಭಂಗಿ ಅಳೆಯುವ ರೂಲಾ (1993), ರೀಬಾ (2000) ಎಂಬ ಎರಡು ವಿಧಾನಗಳನ್ನೂ ಕಲಿತುಕೊಳ್ಳಿ. ಭಾರ ಎತ್ತುವುದಕ್ಕೆ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಸೂತ್ರವಿದೆ. ಎಲ್ಲವೂ ಅನುಕೂಲವಾಗಿದ್ದಾಗ 23 ಕೆ.ಜಿ. ಅಂತ ಅದು ಲೆಕ್ಕ ಶುರು ಮಾಡುತ್ತದೆ. ಪೆಟ್ಟಿಗೆ ಮೈಯಿಂದ ದೂರ ಇದ್ದರೆ, ಸೊಂಟ ತಿರುಚಬೇಕಾದರೆ, ಮತ್ತೆ ಮತ್ತೆ ಎತ್ತಬೇಕಾದರೆ ಆ ಮಿತಿ ಇಳಿಯುತ್ತಾ ಹೋಗುತ್ತದೆ.

ಮೂರನೆಯದು ಉತ್ಪನ್ನ ಮತ್ತು ಆ್ಯಪ್ ವಿನ್ಯಾಸ. 1990ರಲ್ಲಿ ಬಂದ ಆಕ್ಸೋ ಗುಡ್ ಗ್ರಿಪ್ಸ್ ಅಡುಗೆ ಉಪಕರಣಗಳ ದಪ್ಪ, ಮೆತ್ತನೆಯ ಹಿಡಿಕೆ ಹುಟ್ಟಿದ್ದೇ ಆ ಕಂಪನಿ ಕಟ್ಟಿದ ಸ್ಯಾಮ್ ಫಾರ್ಬರ್ ಅವರ ಪತ್ನಿ ಬೆಟ್ಸಿ ಸಂಧಿವಾತದ ಕೈಯಲ್ಲಿ ಸಿಪ್ಪೆ ತೆಗೆಯಲು ಕಷ್ಟಪಡುತ್ತಿದ್ದುದರಿಂದ. ಇಂಥ ಕಷ್ಟವನ್ನು ದಿನವೂ ನೋಡುವವರು ನೀವು, ಅಲ್ವಾ? ಆ್ಯಪ್ ಕಡೆ ಹೋಗುವವರು ಡಬ್ಲ್ಯುಸಿಎಜಿ, ಅಂದರೆ ಅಂಗವೈಕಲ್ಯ ಇರುವವರೂ ವೆಬ್ ಬಳಸಲು ಆಗುವಂತೆ ಮಾಡುವ ನಿಯಮಗಳನ್ನು ಓದಿ. 2023ರ 2.2 ಆವೃತ್ತಿಯಲ್ಲಿ ಬೆರಳಿಟ್ಟು ಒತ್ತುವ ಜಾಗಕ್ಕೂ ಅಳತೆ ಇದೆ: ಕನಿಷ್ಠ 24×24 ಸಿಎಸ್‌ಎಸ್ ಪಿಕ್ಸೆಲ್ (ವೆಬ್ ಪುಟದ ಅಳತೆಯ ಘಟಕ), ಕೆಲವು ವಿನಾಯಿತಿಗಳೊಂದಿಗೆ. ನಡುಗುವ ಬೆರಳಿಗೆ ಅಷ್ಟು ಸಾಕೇ ಅಂತ ಪರೀಕ್ಷೆ ಮಾಡಿ ತೋರಿಸಬಲ್ಲವರು ಬೇಕಾಗಿದ್ದಾರೆ.

ಕಾಯಿಲೆ ಅಥವಾ ಗಾಯದ ನಂತರ ಮತ್ತೆ ವಾಹನ ಓಡಿಸಬಹುದೇ ಅಂತ ಅಳೆಯುವ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು. ವಿಮೆ ಮತ್ತು ಪರಿಹಾರದ ಮೊಕದ್ದಮೆಗಳಿಗೆ ವರದಿ ಕೊಡುವ ಕೆಲಸವೂ ಇದೆ. ಬರೆಯುವುದೆಂದರೆ ಬೇಸರ ಅನ್ನುವವರಿಗೆ ಇದು ಬೇಡ.

ರಾಜೀನಾಮೆಗೆ ಮುಂಚೆ ರುಚಿ ನೋಡಿ

ಕೋರ್ಸ್‌ಗೆ ಹಣ ಕಟ್ಟುವ ಆತುರ ಬೇಡ. ಮೊದಲು ಆ ಕ್ಷೇತ್ರದವರ ಜೊತೆ ಒಂದು ದಿನ ಇದ್ದು ನೋಡಿ. ಆಮೇಲೆ ನಿಮಗೆ ಇಷ್ಟವಾದ ಹತ್ತು ಉದ್ಯೋಗ ಜಾಹೀರಾತು ಮುಂದಿಟ್ಟುಕೊಳ್ಳಿ. ಯಾವ ಸರ್ಟಿಫಿಕೇಟ್ ‘ಕಡ್ಡಾಯ’ ಅಂತ ಮತ್ತೆ ಮತ್ತೆ ಬರುತ್ತದೋ ಅದಕ್ಕೆ ಮಾತ್ರ ಖರ್ಚು ಮಾಡಿ. ಹುಡುಕುವಾಗ ಓಟಿ ಅಂತ ಹುಡುಕಿದರೆ ಹಳೆಯ ಕೆಲಸಗಳೇ ಬರುತ್ತವೆ. ಆಕ್ಸೆಸಿಬಿಲಿಟಿ ಸ್ಪೆಷಲಿಸ್ಟ್, ಎರ್ಗನಾಮಿಕ್ಸ್ ಕನ್ಸಲ್ಟೆಂಟ್, ಯೂಸರ್ ರಿಸರ್ಚರ್ ಅಂತ ಹುಡುಕಿ.

ಜೊತೆಗೆ ಎರಡು ಪುಟದ ಮಾದರಿ ವರದಿ ಒಂದು ತಯಾರಿಸಿ. ಪರಿಚಯದವರ ಒಪ್ಪಿಗೆ ಪಡೆದು ಅವರ ಅಡುಗೆಮನೆಯನ್ನೋ ಮೇಜನ್ನೋ ನೋಡಿ ಬರೆಯಿರಿ. ಜಾಗದ ಫೋಟೊ, ತೊಡಕು ಎಲ್ಲಿ, ಏನು ಬದಲಿಸಬೇಕು, ಯಾವುದು ಮೊದಲು. ಕೆಲಸ ಕೊಡುವವರು ಬಯೋಡೇಟಾಕ್ಕಿಂತ ಇದನ್ನು ಗಮನ ಕೊಟ್ಟು ಓದುತ್ತಾರೆ.

ನಿಮ್ಮ ಮಿತಿ ಮೊದಲೇ ಗೊತ್ತಿರಲಿ

ಹೊಸ ಕೆಲಸ ನಿಮ್ಮ ನೋಂದಣಿಯ ವ್ಯಾಪ್ತಿಯೊಳಗೆ ಬರುತ್ತದೆಯೇ, ಚಿಕಿತ್ಸೆ ಕೊಡದಿದ್ದರೂ ಓಟಿ ಅಂತ ಹೇಳಿಕೊಳ್ಳಬಹುದೇ, ವೃತ್ತಿ ವಿಮೆ ಇದಕ್ಕೂ ಅನ್ವಯಿಸುತ್ತದೆಯೇ ಅಂತ ನೋಂದಣಿ ಸಂಸ್ಥೆಯಿಂದ ಮತ್ತು ವಿಮೆಯವರಿಂದ ಲಿಖಿತವಾಗಿ ತಿಳಿದುಕೊಳ್ಳಿ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಇನ್ನೊಂದಿದೆ. ಕಾರ್ಖಾನೆಗೆ ಹೋದಾಗ ನಿಮಗೆ ಹಣ ಕೊಡುವುದು ಕಂಪನಿ. ಆದರೆ ಕೆಲಸಗಾರ ಊದಿದ ಮಣಿಕಟ್ಟು ತೋರಿಸಿ, ‘ಮೇಲಿನವರಿಗೆ ಹೇಳಬೇಡಿ’ ಅನ್ನುತ್ತಾನೆ. ಆಸ್ಪತ್ರೆಯಲ್ಲಿ ಈ ಇಕ್ಕಟ್ಟು ಇಷ್ಟು ನೇರವಾಗಿ ಬರುವುದಿಲ್ಲ. ಆದ್ದರಿಂದ ಯಾವ ಮಾಹಿತಿ ಯಾರ ಕೈಗೆ ಹೋಗುತ್ತದೆ ಅಂತ ಕಂಪನಿಯ ಜೊತೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಪ್ರತಿ ಕೆಲಸಗಾರನಿಗೂ ಮಾತು ಶುರುವಾಗುವ ಮುಂಚೆ ಅದನ್ನು ತಿಳಿಸಿ. ಅಲ್ಲಿ ನಿಂತು ರೋಗ ಇಂಥದ್ದು ಅಂತ ಹೇಳಲು ಹೋಗಬೇಡಿ, ವೈದ್ಯರ ಬಳಿ ಕಳಿಸಿ.

ಶುಲ್ಕ

ಸ್ವಂತವಾಗಿ ಶುರು ಮಾಡುವವರು ಭೇಟಿಯ ಹೊತ್ತಿಗೆ ಮಾತ್ರ ಲೆಕ್ಕ ಹಾಕುತ್ತಾರೆ. ಹೋಗಿ ಬರುವ ಸಮಯ, ವರದಿ ಬರೆಯುವ ಸಮಯ, ಬಡಗಿ, ಪ್ಲಂಬರ್ ಜೊತೆ ಫೋನಿನಲ್ಲಿ ಕಳೆಯುವ ಸಮಯ ಎಲ್ಲವೂ ಕೆಲಸವೇ. ಮರುಭೇಟಿಯ ಹಣವನ್ನೂ ಮೊದಲ ಶುಲ್ಕದಲ್ಲೇ ಸೇರಿಸಿ. ಆಮೇಲೆ ಬೇರೆಯಾಗಿ ಕೇಳಿದರೆ ಬಹಳ ಮಂದಿ ಬೇಡ ಅಂದುಬಿಡುತ್ತಾರೆ. ಹಾಕಿದ ಹಿಡಿಕೆಯನ್ನು ಮನೆಯವರು ನಿಜವಾಗಿ ಬಳಸುತ್ತಿದ್ದಾರಾ, ಇಲ್ಲಾ ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದಾರಾ ಅಂತ ತಿಳಿಯಲು ಇನ್ನೊಮ್ಮೆ ಹೋಗಲೇಬೇಕು.