ಕೆನಡಾಕ್ಕೆ ಹೊರಟವರೇ, ವಿಂಟರ್ ಟೈರ್ ನಾಲ್ಕೂ ಹಾಕಿಸಿ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯಿಂದ ಕೆನಡಾಕ್ಕೆ ಹೋದ ಮಕ್ಕಳು ಅಲ್ಲೊಂದು ಹಳೇ ಕಾರು ತಗೊಂಡ ಕೂಡಲೇ ಫೋನ್ ಮಾಡಿ ಕೇಳುತ್ತಾರೆ: ವಿಂಟರ್ ಟೈರ್ ನಿಜಕ್ಕೂ ಬೇಕಾ? ಬೇಕೇ ಬೇಕು. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾನೂನೇ ಇದೆ.

ಹಿಮ ಬಿದ್ದ ಮೇಲೆ ಹಾಕಿಸಿದರಾಯ್ತು ಅನಿಸುತ್ತದೆ, ಅಲ್ವಾ? ಅಷ್ಟು ಕಾಯಬೇಡಿ. ಚಳಿ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ, ರಸ್ತೆ ಒಣಗಿದ್ದರೂ ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟೈರ್ ಚಳಿಯಲ್ಲೂ ಮೆತ್ತಗಿರುತ್ತದೆ. ಹತ್ತಿರದಿಂದ ನೋಡಿ, ಬ್ಲೇಡಿನಲ್ಲಿ ಗೀರಿದ ಹಾಗೆ ಮೈತುಂಬ ಸಣ್ಣ ಸಣ್ಣ ಸೀಳು ಇರುತ್ತವೆ. ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿದಾಗ ಅಡಿಕೆ ಸೋಗೆ ಹಾಸುತ್ತೇವಲ್ಲ, ಅದರ ಎಸಳು ಕಾಲಿಗೆ ಹಿಡಿತ ಕೊಟ್ಟ ಹಾಗೆ ಈ ಸೀಳುಗಳ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ತುದಿಯ ಬೆಟ್ಟ, ಅದರೊಳಗೆ ಹಿಮದ ಹಳಕಿನ ಚಿತ್ರ ಇದೆಯಾ ನೋಡಿ. ಬರೀ ‘ಎಂ ಪ್ಲಸ್ ಎಸ್’ (ಮಡ್ ಪ್ಲಸ್ ಸ್ನೋ, ಅಂದರೆ ಕೆಸರು, ಹಿಮ) ಅಂತ ಇದ್ದರೆ ಸಾಲದು.

ಇನ್ನು ನಾಲ್ಕರ ವಿಷಯ. ಒಂಟಾರಿಯೋದಲ್ಲಿ ನನ್ನ ಮೊದಲ ಚಳಿಗಾಲ, ಎಂಜಿನ್ ತಿರುಗಿಸುವುದು ಮುಂದಿನ ಚಕ್ರ ತಾನೇ ಅಂತ ದುಡ್ಡು ಉಳಿಸಲು ಎರಡೇ ಹಾಕಿಸಿದ್ದೆ. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಮುಂದಿನ ಚಕ್ರ ಹಿಡಿಯಿತು, ಹಿಂಭಾಗ ಜಾರಿ ಪಕ್ಕಕ್ಕೆ ಬಂತು, ಕಾರು ಪೂರ್ತಿ ತಿರುಗಿ ರಸ್ತೆ ಬದಿಯ ಹಿಮದ ರಾಶಿಗೆ ಹೋಗಿ ನಿಂತಿತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ, ಹಾಗಾಗಿ ಉಳಿದೆ. ದಯವಿಟ್ಟು ಎರಡರಲ್ಲಿ ಸುಧಾರಿಸಬೇಡಿ.

ಸೆಕೆಂಡ್ ಹ್ಯಾಂಡ್ ಟೈರ್ ಆದರೆ ಅದರ ಮೈಮೇಲಿನ ದೊಡ್ಡ ಗೀರುಗಳ (ಟ್ರೆಡ್) ಆಳ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬೇಡ. ಚಳಿ ಹೆಚ್ಚಿದಂತೆ ಟೈರಿನ ಗಾಳಿಯ ಒತ್ತಡ ಇಳಿಯುತ್ತದೆ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ ಲೆಕ್ಕ, ಅದಕ್ಕೇ ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ನೋಡಿಕೊಳ್ಳಿ. ಫೋರ್ ವೀಲ್ ಡ್ರೈವ್ ಇದೆ ಅಂತ ಸುಮ್ನೆ ಧೈರ್ಯ ಮಾಡಬೇಡಿ. ಅದು ಮುಂದೆ ಹೋಗಲು ಸಹಾಯ, ನಿಲ್ಲಿಸಲು ಅಲ್ಲ. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಜಾಸ್ತಿ ಇರಲಿ, ಸ್ಟೇರಿಂಗ್, ಆಕ್ಸಿಲೇಟರ್ ಎಲ್ಲ ಮೆಲ್ಲಗೆ.

ಬೇಸಿಗೆ ಬಂದ ಮೇಲೆ ಬಿಚ್ಚಿಸಿ ಇಡಿ, ಬಿಸಿ ರಸ್ತೆಯಲ್ಲಿ ಮೆತ್ತಗಿನ ರಬ್ಬರ್ ಬೇಗ ಸವೆಯುತ್ತದೆ. ಪ್ರತಿ ಸಲ ಟೈರ್ ಬದಲಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಚಕ್ರದ ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸಿ.