ಕುಡಿತ ಬಿಡಲು ಮೀಟಿಂಗ್ ಹುಡುಕಿದ್ದು, ಹೋಗಿ ಕೂತಿದ್ದು

ಕುಡಿತ ಬಿಡಬೇಕು ಅಂತ ಗಟ್ಟಿ ಮಾಡಿಕೊಂಡ ಮೇಲೆ ನಾನು ಮೊದಲು ಹೋಗಿದ್ದು ಮೀಟಿಂಗಿಗಲ್ಲ, ಡಾಕ್ಟರ ಹತ್ತಿರ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸುತ್ತದೆ, ಜೀವಕ್ಕೇ ಕುತ್ತು ಬರುವುದೂ ಉಂಟು. ಇದಕ್ಕೆ ಮೀಟಿಂಗಿನಲ್ಲಿ ಮದ್ದಿಲ್ಲ.

ಮೀಟಿಂಗ್ ಹುಡುಕುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಅದು 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಯಿತು. ಶುರು ಮಾಡಿದವರು ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್. ಇಬ್ಬರೂ ಕುಡಿತಕ್ಕೆ ಸಿಕ್ಕಿಬಿದ್ದಿದ್ದವರೇ. ಈಗ ಅದರ ಗುಂಪುಗಳು ಎಷ್ಟೋ ದೇಶಗಳಲ್ಲಿವೆ. ಎಎ ವೆಬ್‌ಸೈಟಿನಲ್ಲಿ ಅಥವಾ ಅವರ ಮೀಟಿಂಗ್ ಗೈಡ್ ಆ್ಯಪಿನಲ್ಲಿ ನೋಡಿದರೆ ವಾರ, ಹೊತ್ತು, ಜಾಗ ಸಿಗುತ್ತದೆ. ಪಟ್ಟಿಯಲ್ಲಿ ಎರಡು ಮಾತು ಗಮನಿಸಿ. 'ಓಪನ್' ಅಂದರೆ ಯಾರು ಬೇಕಾದರೂ ಬರಬಹುದು, ಮನೆಯವರೂ ಕೂಡ. 'ಕ್ಲೋಸ್ಡ್' ಅಂದರೆ ಕುಡಿತ ಬಿಡಬೇಕು ಅಂತ ಬಯಸುವವರಿಗೆ ಮಾತ್ರ. ನಾನು ಮೊದಲು ಓಪನ್ ಮೀಟಿಂಗಿಗೇ ಹೋದೆ. ಸುಮ್ನೆ ಒಂದು ಮೂಲೆಯಲ್ಲಿ ಕೂತು ನೋಡಿಕೊಂಡು ಬರಬಹುದಲ್ವಾ ಅಂತ. ಹೊರಡುವ ಮುಂಚೆ ಅಲ್ಲಿನ ನಂಬರಿಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಬೀಗ ಹಾಕಿದ ಬಾಗಿಲು ಕಂಡರೆ ಹೊಸಬರು ಇನ್ನೊಮ್ಮೆ ಬರುವುದು ಕಷ್ಟ.

ಒಳಗೆ ಹೋಗುವಾಗ ಕರೆಯದ ಮನೆಗೆ ಹೋದವರ ಹಾಗಿತ್ತು. ರಿಜಿಸ್ಟರಿನಲ್ಲಿ ಹೆಸರು ಬರೆಸುತ್ತಾರೇನೋ, ಫೀಸು ಕೇಳುತ್ತಾರೇನೋ ಅಂತ ಹೆದರಿದ್ದೆ. ಎರಡೂ ಇಲ್ಲ. ಸೇರಲು ಬೇಕಾದದ್ದು ಕುಡಿತ ನಿಲ್ಲಿಸುವ ಆಸೆ ಒಂದೇ. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ದಾಟುತ್ತದೆ, ಕೊಟ್ಟವರು ಕೊಟ್ಟರು, ಇಲ್ಲದವರು ಮುಂದಕ್ಕೆ ದಾಟಿಸಿದರು. ಹೊರಗಿನವರ ಹಣವನ್ನು ಎಎ ತೆಗೆದುಕೊಳ್ಳುವುದೇ ಇಲ್ಲ. ಈ ಒಂದು ನಿಯಮ ನನಗೆ ತುಂಬಾ ಹಿಡಿಸಿತು.

ಒಬ್ಬೊಬ್ಬರಾಗಿ ಮೊದಲ ಹೆಸರು ಹೇಳಿ ತಮ್ಮ ಕತೆ ಹೇಳಿದರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಸರದಿ ಬಂದಾಗ "ಇವತ್ತು ಕೇಳ್ತೀನಿ ಅಷ್ಟೇ" ಅಂದೆ. "ಆಯ್ತು" ಅಂದರು, ಪಕ್ಕದವರು ಶುರು ಮಾಡಿದರು.

ನಿಜ ಹೇಳಬೇಕೆಂದರೆ ಆ ಗುಂಪು ನನಗೆ ಒಗ್ಗಲಿಲ್ಲ. ಒಬ್ಬರೇ ಹಿರಿಯರು ಬಹಳ ಹೊತ್ತು ಮಾತಾಡಿದರು, ಉಳಿದವರಿಗೆ ಸಮಯವೇ ಉಳಿಯಲಿಲ್ಲ. ಆದರೆ ಒಂದು ಗುಂಪಿನ ಹಾಗೆ ಇನ್ನೊಂದಿರುವುದಿಲ್ಲ. ಕೆಲವು ಕಡೆ ಎಎಯ ಹನ್ನೆರಡು ಹೆಜ್ಜೆಗಳಲ್ಲಿ, ಅಂದರೆ ಕುಡಿತದಿಂದ ಹೊರಬರಲು ಅವರು ಹಾಕಿಕೊಂಡ ಹನ್ನೆರಡು ಸೂತ್ರಗಳಲ್ಲಿ, ಒಂದನ್ನು ಓದಿ ಅದರ ಮೇಲೆ ಮಾತು, ಕೆಲವು ಕಡೆ ಒಬ್ಬರದೇ ಅನುಭವ. ಬೇರೆ ಬೇರೆ ಗುಂಪು ನೋಡಿ, ನಗು ಇರುವ ಒಂದನ್ನು ಆರಿಸಿಕೊಂಡೆ. ನಗು ಅಂದರೆ ಆಶ್ಚರ್ಯ ಆಗಬಹುದು. ಕುಡಿದಾಗಿನ ಪಾಡನ್ನು ನೆನೆದು ಅವರೇ ನಗುತ್ತಿದ್ದರು.

ನನ್ನನ್ನು ಅಲ್ಲಿ ಹಿಡಿದಿಟ್ಟಿದ್ದು ಮೀಟಿಂಗಿಗಿಂತ ಅದರ ಹಿಂದುಮುಂದಿನ ಸ್ವಲ್ಪ ಹೊತ್ತು. ಮುಗಿದ ಕೂಡಲೇ ಜಾರಿಕೊಳ್ಳೋಣ ಅಂತ ಎದ್ದರೆ ಒಬ್ಬರು ಮಡಚಿದ ಕುರ್ಚಿಯೊಂದನ್ನು ನನ್ನ ಕೈಗೆ ಕೊಟ್ಟು, "ಆ ಗೋಡೆಗೆ ಒರಗಿಸಿಬಿಡಿ" ಅಂದರು. ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಕುರ್ಚಿ ಜೋಡಿಸುತ್ತಾ ಮಾತು ತಾನಾಗಿ ಬಂತು. ಎದುರಾ ಬದುರು ಕೂತು ಹೇಳಲಾಗದ್ದನ್ನು ಅಲ್ಲಿ ಬೆನ್ನು ತಿರುಗಿಸಿಕೊಂಡೇ ಹೇಳಿದೆ. ಮುಂದಿನ ವಾರದಿಂದ ಕುರ್ಚಿ ಹಾಕುವುದು ನನ್ನ ಪಾಲಿಗೆ ಬಂತು. ಹೋಗಲು ಮನಸ್ಸಿಲ್ಲದ ದಿನವೂ ಕುರ್ಚಿ ಯಾರು ಹಾಕುತ್ತಾರೆ ಅಂತ ಎದ್ದು ಹೊರಡುತ್ತಿದ್ದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಬೇಗ ಹೋಗಿ, ತಡವಾಗಿ ಹೊರಡಿ, ಏನಾದರೂ ಕೆಲಸ ಕೇಳಿ.

ಫೋನ್ ನಂಬರುಗಳೂ ಆ ಹೊತ್ತಿನಲ್ಲೇ ಸಿಗುವುದು. ಕುಡಿಯಬೇಕು ಅನ್ನಿಸಿದಾಗಲೇ ಮೊದಲ ಸಲ ಫೋನ್ ಮಾಡುವುದು ಆಗದ ಮಾತು, ಕೈಯೇ ಬರುವುದಿಲ್ಲ. ಅದಕ್ಕೆ ಏನೂ ತೊಂದರೆ ಇಲ್ಲದ ದಿನ "ಹೇಗಿದ್ದೀರಿ" ಅಂತ ಮಾತಾಡಿ ರೂಢಿ ಮಾಡಿಕೊಂಡೆ. ಹಾಗೆ ಮಾತಾಡಿಸುತ್ತಿದ್ದವರೊಬ್ಬರನ್ನೇ ಸ್ಪಾನ್ಸರ್ ಆಗಿ ಅಂತ ಕೇಳಿದೆ. ಸ್ಪಾನ್ಸರ್ ಅಂದರೆ ನಮಗಿಂತ ಮುಂಚೆ ಬಿಟ್ಟು, ಹೆಜ್ಜೆಗಳನ್ನು ದಾಟಿ ಬಂದವರು. ಅವರು ಡಾಕ್ಟರೂ ಅಲ್ಲ, ಸಾಲ ಕೊಡುವವರೂ ಅಲ್ಲ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿ ಅಂತ ಗುಂಪಿನಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ದೇವರ ಮಾತು ಬರುತ್ತದೆ, ಬರುವುದಿಲ್ಲ ಅಂತ ಹೇಳಲಾರೆ. ಆದರೆ ದೇವರು ಅಂದರೆ 'ನಾವು ಅರ್ಥ ಮಾಡಿಕೊಂಡಂತೆ' ಅಂತ ಹೆಜ್ಜೆಗಳಲ್ಲೇ ಇದೆ. ನಂಬದವರೂ ನಮ್ಮ ಗುಂಪಿನಲ್ಲಿದ್ದಾರೆ, ಅವರಿಗೆ ಗುಂಪೇ ದೊಡ್ಡ ಶಕ್ತಿ. ಅದೂ ಆಗುವುದಿಲ್ಲ ಅನ್ನುವವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ಹೆಜ್ಜೆಗಳಿಲ್ಲ. ಆಸೆ ಬಂದಾಗ ಮನಸ್ಸನ್ನು ಹೇಗೆ ನಿಭಾಯಿಸಬೇಕು ಅನ್ನುವ ಅಭ್ಯಾಸ ಇರುತ್ತದೆ. ಎರಡೂ ಕಡೆ ಆನ್‌ಲೈನ್ ಮೀಟಿಂಗ್ ಸಿಗುತ್ತದೆ. ಪ್ರಯಾಣದಲ್ಲಿದ್ದಾಗ ನಾನೂ ಸೇರುತ್ತೇನೆ, ಆದರೆ ಅಲ್ಲಿ ಜೋಡಿಸಲು ಕುರ್ಚಿ ಇರುವುದಿಲ್ಲ ನೋಡಿ, ಅದಕ್ಕೇ ಅದೊಂದನ್ನೇ ನೆಚ್ಚಿಕೊಂಡಿಲ್ಲ.

ಮನೆಯವರಿಗೆ ಬೇರೆಯೇ ಗುಂಪಿದೆ, ಅಲ್-ಅನಾನ್ ಅಂತ. 1951ರಿಂದ ಇದೆ. ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಾಳೆ. ಅಲ್ಲಿ ಏನು ಮಾತಾಡಿದಿರಿ ಅಂತ ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ನಾನು ನನ್ನ ಮೀಟಿಂಗ್ ತಪ್ಪಿಸಿದರೂ ತಾನು ಮಾತ್ರ ತಪ್ಪಿಸಲ್ಲ ಅಂತ ಮೊದಲೇ ಹೇಳಿಟ್ಟಿದ್ದಾಳೆ.