ಸೂಪರ್ ಅಂದವರನ್ನು ಮಾತಿಗೆ ಕೂರಿಸುವುದು ಹೇಗೆ?

ಆನ್‌ಲೈನಿನಲ್ಲಿ ಧಾರಾವಾಹಿ ಬರೆಯುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಕೂತು ಬರೆದು, ಎರಡು ಸಲ ತಿದ್ದಿ, ಒಂದು ಭಾಗ ಹಾಕುತ್ತೀರಿ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಇಪ್ಪತ್ತು ಪ್ರತಿಕ್ರಿಯೆ. ಖುಷಿಯೋ ಖುಷಿ. ತೆರೆದು ನೋಡಿದರೆ ‘ಸೂಪರ್’, ‘ಸೂಪರ್ ಮೇಡಂ’, ‘ನೈಸ್’, ನಾಲ್ಕು ಗುಲಾಬಿ ಹೂವು, ‘ಮುಂದಿನ ಭಾಗ ಬೇಗ ಹಾಕಿ’. ಅವರು ಕಥೆ ಓದಿದರಾ, ಇಲ್ಲವಾ? ಅದೇ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿ ಅನ್ನುವ ಕಥೆಗಳ ಆ್ಯಪ್ ಇವತ್ತು 12 ಭಾರತೀಯ ಭಾಷೆಗಳಲ್ಲಿದೆ. ಕನ್ನಡದಲ್ಲೂ ಅಲ್ಲಿ ಗೃಹಿಣಿಯರು, ಮೇಷ್ಟ್ರುಗಳು, ಕಾಲೇಜು ಹುಡುಗಿಯರು ಎಲ್ಲರೂ ಬರೆಯುತ್ತಾರೆ. ಇಂಥ ಜಾಗಗಳಲ್ಲಿ ಕಥೆ ವಾಪಸ್ ಬರುವ ಭಯ ಇಲ್ಲ. ಆದರೆ ‘ಇಲ್ಲಿ ಕೆಟ್ಟಿದೆ ನೋಡಿ’ ಅನ್ನುವ ಸಂಪಾದಕರೂ ಇಲ್ಲ. ಆ ಕೆಲಸ ಓದುಗರಿಂದಲೇ ಆಗಬೇಕು. ಅವರು ಸುಮ್ನೆ ಬಂದು ಮಾಡಿಕೊಡುವುದಿಲ್ಲ. ನಾನು ಎಡವಿ ಎಡವಿ ಕಲಿತದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

1. ಮೊದಲು ಮುಯ್ಯಿ ನಿಲ್ಲಿಸಿ

ಮದುವೆ ಮನೆಯಲ್ಲಿ ಮುಯ್ಯಿ ಬರೆಸುತ್ತೇವಲ್ಲ? ಅವರು ನಮ್ಮನೆ ಮದುವೆಗೆ 500 ಬರೆಸಿದ್ದರು, ಈಗ ಅವರ ಮನೆಗೆ ನಾವೂ ಅಷ್ಟು ಬರೆಸಬೇಕು. ಬರೆಯುವವರ ವಾಟ್ಸಾಪ್ ಗುಂಪುಗಳಲ್ಲಿ ನಡೆಯುವುದೂ ಇದೇ. ನೀವು ನನ್ನ ಕಥೆಗೆ ಐದು ಸ್ಟಾರ್ ಕೊಡಿ, ನಾನು ನಿಮ್ಮದಕ್ಕೆ ಕೊಡುತ್ತೇನೆ.

ಅಂಥದ್ದೊಂದು ಗುಂಪಿನಲ್ಲಿ ನಾನೂ ಏಳು ತಿಂಗಳು ಇದ್ದೆ. ದಿನಕ್ಕೆ ಹತ್ತು ಹನ್ನೆರಡು ಲಿಂಕ್ ಬರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಾ ಒಂದು ಕೈಯಲ್ಲಿ ಸ್ಟಾರ್ ಒತ್ತುತ್ತಿದ್ದೆ. ಒಂದು ದಿನ ಒಬ್ಬರ ಬರಹಕ್ಕೆ ‘ನಗು ತಡೆಯೋಕೆ ಆಗಲಿಲ್ಲ, ಸೂಪರ್’ ಅಂತ ಹಾಕಿಬಿಟ್ಟೆ. ಸಂಜೆ ಯಾಕೋ ತೆರೆದು ಓದಿದೆ. ಅವರ ಅಪ್ಪ ಆಸ್ಪತ್ರೆಯಲ್ಲಿ ಕಳೆದ ಕೊನೆಯ ವಾರದ ಬಗ್ಗೆ ಬರೆದಿದ್ದರು. ಅವರು ನನಗೇನೂ ಅನ್ನಲಿಲ್ಲ. ಮಾರನೇ ದಿನ ನನ್ನ ಕಥೆಗೆ ಎಂದಿನಂತೆ ಐದು ಸ್ಟಾರ್ ಕೊಟ್ಟರು. ಅವರೂ ನನ್ನದನ್ನು ಓದಿರಲಿಲ್ಲ, ಅಲ್ವಾ?

ಗುಂಪು ಬಿಟ್ಟೆ. ಎರಡು ತಿಂಗಳು ನನ್ನ ಕಥೆಗಳ ಕೆಳಗೆ ಭಣಭಣ. ನಿಮಗೂ ಹಾಗೇ ಆಗುತ್ತದೆ, ತಡೆದುಕೊಳ್ಳಿ. ಮುಯ್ಯಿ ಹೊಗಳಿಕೆಯಿಂದ ಇನ್ನೊಂದು ತೊಂದರೆಯೂ ಇದೆ. ನಲವತ್ತು ಜನ ಸೂಪರ್ ಅಂದಿರುವ ಕಡೆ ‘ಎರಡನೇ ಭಾಗ ಸ್ವಲ್ಪ ಎಳೆದ ಹಾಗಿದೆ’ ಅಂತ ಬರೆಯಲು ಹೊಸ ಓದುಗರಿಗೆ ಬಾಯಿ ಬರುವುದಿಲ್ಲ.

ಬೇರೆಯವರದ್ದನ್ನು ಓದಲೇಬೇಡಿ ಅಂತಲ್ಲ. ವಾರಕ್ಕೆ ಎರಡು ಕಥೆ ಓದಿ, ಪೂರ್ತಿ ಓದಿ. ಬರೆಯುವಾಗ ಕಥೆಯ ಒಂದು ಜಾಗ ಹಿಡಿದು ಬರೆಯಿರಿ: ‘ಬಸ್ ಇಳಿದ ಮೇಲೆ ಅಪ್ಪ ಚಿಲ್ಲರೆ ಎಣಿಸಿ ಒಂದು ಕಾಫಿಯನ್ನೇ ಇಬ್ಬರಿಗೆ ಹೇಳುವುದು ಚೆನ್ನಾಗಿದೆ.’ ಅಷ್ಟು ಸಾಕು. ಅವರು ತಿರುಗಿ ಬಂದು ನಿಮ್ಮದನ್ನು ಓದುತ್ತಾರಾ ಅಂತ ಕಾಯಬೇಡಿ.

2. ಮೊದಲ ಎರಡು ಸಾಲಿನಲ್ಲಿ ಕ್ಷಮೆ ಕೇಳಬೇಡಿ

‘ಪ್ರಿಯ ಓದುಗ ಬಂಧುಗಳೇ, ಮಗನ ಪರೀಕ್ಷೆಯ ಕಾರಣ ಈ ಭಾಗ ತಡವಾಯಿತು, ದಯವಿಟ್ಟು ಕ್ಷಮಿಸಿ...’ ಫೋನ್ ಪರದೆಯಲ್ಲಿ ಮೊದಲು ಕಾಣುವುದೇ ಆ ನಾಲ್ಕು ಸಾಲು. ಅದನ್ನು ಹೇಳಲೇಬೇಕು ಅಂತಿದ್ದರೆ ಕೊನೆಯಲ್ಲಿ ಹೇಳಿ. ಮೊದಲ ಸಾಲಿಗೇ ಕಥೆ ನಡೆಯುತ್ತಿರಲಿ. ಪ್ಯಾರಾ ಚಿಕ್ಕದಿರಲಿ. ಪುಸ್ತಕದಲ್ಲಿ ಆರು ಸಾಲಿನ ಪ್ಯಾರಾ ಫೋನಿನಲ್ಲಿ ಇಡೀ ಪರದೆ ತುಂಬುತ್ತದೆ.

3. ಉತ್ತರ ಹೇಳಲು ಬರುವಂಥ ಪ್ರಶ್ನೆ ಕೇಳಿ

‘ನಿಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ’ ಅನ್ನುವುದು ಪ್ರಶ್ನೆಯೇ ಅಲ್ಲ. ಅದನ್ನು ಓದಿದರೆ ಪರೀಕ್ಷೆಯ ‘ಹತ್ತು ವಾಕ್ಯಗಳಲ್ಲಿ ಉತ್ತರಿಸಿ’ ನೆನಪಾಗುತ್ತದೆ. ಓದುಗರಿಗೆ ಅಭಿಪ್ರಾಯ ಅನ್ನುವ ಪದ ಕಂಡರೇ ಗಾಬರಿ. ನನಗೇನು ಸಾಹಿತ್ಯ ಗೊತ್ತು, ನಾನೇನು ಹೇಳಲಿ ಅಂದುಕೊಂಡು ಒಂದು ಗುಲಾಬಿ ಇಟ್ಟು ಹೊರಟುಬಿಡುತ್ತಾರೆ.

ಅವರಿಗೆ ಗೊತ್ತಿರುವುದನ್ನು ಕೇಳಿ. ನನ್ನ ಕಥೆಯ ಒಂದು ಭಾಗದಲ್ಲಿ ಅಜ್ಜಿ ಈಳಿಗೆಮಣೆ ಮುಂದೆ ಕೂತು ಹಲಸಿನಕಾಯಿ ಹೆಚ್ಚುತ್ತಾಳೆ. ಕೊನೆಗೆ ‘ನಿಮ್ಮ ಊರಲ್ಲಿ ಈಳಿಗೆಮಣೆಗೆ ಏನಂತೀರಿ? ಈಗಲೂ ಮನೆಯಲ್ಲಿದೆಯಾ?’ ಅಂತ ಒಂದು ಸಾಲು ಹಾಕಿದೆ. ಅಷ್ಟು ದಿನ ಹೂವಷ್ಟೇ ಇಡುತ್ತಿದ್ದವರೆಲ್ಲ ಮಾತಾಡಿದರು. ಮಂಗಳೂರು ಕಡೆಯವರು ಮೆಟ್ಟುಕತ್ತಿ ಅಂದರು. ಧಾರವಾಡದವರು ಈಳಿಗಿ ಅಂದರು. ಒಬ್ಬರು ಅಮ್ಮನ ಈಳಿಗೆಯನ್ನು ಅಮೆರಿಕಕ್ಕೆ ಒಯ್ಯಲು ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಇಟ್ಟುಕೊಂಡ ಕಥೆ ಹೇಳಿದರು. ಆ ಕಥೆ ನನ್ನ ಕಥೆಗಿಂತ ಚೆನ್ನಾಗಿತ್ತು ಅನ್ನೋದು ಬೇರೆ ಮಾತು.

ಶೇಂಗಾ, ಕಡಲೆಕಾಯಿ, ನೆಲಗಡಲೆ ಮೂರೂ ಒಂದೇ ಆಗಿರುವ ನಾಡು ನಮ್ಮದು. ಈ ಥರದ ಪ್ರಶ್ನೆಗೆ ಬರಗಾಲ ಇಲ್ಲ. ಆದರೆ ಪ್ರತಿ ಸಲ ಇದನ್ನೇ ಕೇಳಿದರೆ ಕಥೆ ಹೋಗಿ ನಿಘಂಟು ಆಗುತ್ತದೆ. ಪಾತ್ರದ ಬಗ್ಗೆಯೂ ಕೇಳಿ. ಹೌದು, ಇಲ್ಲ ಅಂತ ಮುಗಿದು ಹೋಗದ ಹಾಗೆ ಕೇಳಿ. ‘ಸುಮಾ ಮಾಡಿದ್ದು ಸರಿಯಾ?’ ಅಂದರೆ ‘ಸರಿ’ ಅಂತ ಬರುತ್ತದೆ. ‘ಸುಮಾ ಅಣ್ಣನಿಗೆ ಫೋನ್ ಮಾಡಿದ್ದರೆ ಅವನು ಏನನ್ನುತ್ತಿದ್ದ?’ ಅಂದರೆ ಅವರು ಅಣ್ಣನ ಪರ ವಾದ ಮಾಡಲು ಶುರು ಮಾಡುತ್ತಾರೆ. ಒಂದು ಭಾಗಕ್ಕೆ ಒಂದೇ ಪ್ರಶ್ನೆ. ಕೇಳುವಂಥದ್ದು ಏನೂ ಇಲ್ಲದಿದ್ದರೆ ಕೇಳಬೇಡಿ.

4. ಬಂದವರಿಗೆ ಉತ್ತರ ಕೊಡಿ, ತಪ್ಪಿದ್ದರೆ ತಿದ್ದಿ

ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಒಳಗೆ ಹೋಗುತ್ತೇವಾ? ಇಲ್ಲೂ ಹಾಗೆಯೇ. ಎಲ್ಲರಿಗೂ ‘ಧನ್ಯವಾದಗಳು’ ಅಂತ ಒಂದೇ ಪದ ಅಂಟಿಸುತ್ತಾ ಹೋಗುವುದು ಮಾತಾಡಿಸಿದ ಹಾಗಲ್ಲ. ‘ಸೂಪರ್ ಮೇಡಂ’ ಅಂದವರಿಗೆ ‘ಥ್ಯಾಂಕ್ಸ್ ಸರ್. ಅಜ್ಜಿ ಗೇಟಿಗೆ ಬೀಗ ಹಾಕಿದ್ದು ನಿಮಗೆ ಜಾಸ್ತಿ ಆಯ್ತು ಅನ್ನಿಸಲಿಲ್ವಾ?’ ಅಂತ ಕೇಳಿ ನೋಡಿ. ಹತ್ತರಲ್ಲಿ ಏಳು ಜನ ಸುಮ್ಮನಿರುತ್ತಾರೆ. ಮೂರು ಜನ ತಿರುಗಿ ಬರುತ್ತಾರೆ. ಆ ಮೂವರು ಮುಂದಿನ ಭಾಗಕ್ಕೂ ಬರುತ್ತಾರೆ.

ತಪ್ಪು ತೋರಿಸಿದವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನದು ಬಯಲುಸೀಮೆ. ಧಾರಾವಾಹಿ ಮಾತ್ರ ಶಿರಸಿ ಕಡೆಯ ಅಡಿಕೆ ತೋಟದ್ದು. ಎರಡು ಸಲ ನೆಂಟರ ಮನೆಗೆ ಹೋಗಿ ಬಂದ ಧೈರ್ಯದ ಮೇಲೆ ಬರೆಯುತ್ತಿದ್ದೆ. ಒಂದು ಭಾಗದಲ್ಲಿ ಶಿವರಾತ್ರಿ ಮುಗಿದ ಮರುದಿನ ಸುಬ್ರಾಯ ಮರಕ್ಕೆ ಹತ್ತಿ, ಅಡಿಕೆಗೆ ರೋಗ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಅದಕ್ಕೆ ಬಂದ ಮಾತು ಇದು: ‘ಮೇಡಂ, ಶಿವರಾತ್ರಿಗೆ ಯಾರು ಮದ್ದು ಹೊಡೀತಾರೆ? ಕೊಳೆರೋಗ ಬರೋದು ಮಳೆಗಾಲದಲ್ಲಿ. ಮಳೆ ಹಿಡಿಯೋಕೆ ಮುಂಚೆ ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ನಿಮ್ಮ ಸುಬ್ರಾಯನಿಗೆ ತೋಟ ಇದೆಯೋ, ಇಲ್ವೋ?’

ಮುಖಕ್ಕೆ ಹೊಡೆದ ಹಾಗಾಯಿತು. ಅಳಿಸಿಬಿಡೋಣ ಅಂತ ಬೆರಳು ಹೋಗಿತ್ತು. ಅಳಿಸಲಿಲ್ಲ. ‘ತಪ್ಪಾಯ್ತು, ನನಗೆ ಗೊತ್ತಿರಲಿಲ್ಲ. ಮದ್ದು ಕಲೆಸುವುದು ಹೇಗೆ ಅಂತ ಹೇಳುತ್ತೀರಾ?’ ಅಂತ ಬರೆದೆ. ರಾತ್ರಿ ಉದ್ದದ ಉತ್ತರ ಬಂತು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ಆಮೇಲೆ ಸೇರಿಸಬೇಕು. ಸುಣ್ಣ ಸಾಕಾಯಿತೇ ಅಂತ ನೋಡಲು ಹೊಳೆಯುವ ಚಾಕು ಅದ್ದಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಅಂಟಿಕೊಂಡರೆ ಸುಣ್ಣ ಕಮ್ಮಿ ಅಂತ ಲೆಕ್ಕ. ಇನ್ನಷ್ಟು ಹಾಕಬೇಕು. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರನ್ನು ಕೊನೆಗೌಡ ಅನ್ನುತ್ತಾರೆ ಅಂತಲೂ ಅವರೇ ಹೇಳಿದ್ದು.

ಹಳೆಯ ಭಾಗ ತಿದ್ದಿದೆ. ‘ಓದುಗರೊಬ್ಬರು ಹೇಳಿದ ಮೇಲೆ ತಿದ್ದಿದೆ’ ಅಂತ ಕೆಳಗೆ ಒಂದು ಸಾಲು ಹಾಕಿದೆ. ಹೆಸರು ಹಾಕಬಹುದಾ ಅಂತ ಮೊದಲು ಕೇಳಿದ್ದೆ, ಬೇಡ ಅಂದರು. ಮುಂದಿನ ಭಾಗದಲ್ಲಿ ಸುಬ್ರಾಯನ ಹೆಂಡತಿ ಅಡುಗೆಮನೆಯಿಂದ ಚಾಕು ತಂದು ಡ್ರಮ್ಮಿಗೆ ಅದ್ದುತ್ತಾಳೆ. ಗಂಡನ ಜೊತೆ ಮಾತು ಬಿಟ್ಟು ಮೂರು ದಿನ ಆಗಿರುತ್ತದೆ. ಕೆಂಪಾದ ಅಲಗನ್ನು ಸುಮ್ಮನೆ ಅವನ ಮುಖದ ಮುಂದೆ ಹಿಡಿಯುತ್ತಾಳೆ. ಆ ಜಾಗ ನನಗೆ ಒಬ್ಬಳಿಗೇ ಹೊಳೆಯುತ್ತಿರಲಿಲ್ಲ. ಆಮೇಲೆ ತೋಟದ ಸಂಗತಿ ಏನೇ ಬರೆದರೂ ಅದನ್ನು ಪರೀಕ್ಷೆ ಮಾಡಲು ನಾಲ್ಕೈದು ಜನ ಕಾದು ಕೂತಿರುತ್ತಿದ್ದರು.

ಸಂಪಾದಕರಿಲ್ಲ ಅಂತ ಮೊದಲು ಹೇಳಿದೆನಲ್ಲ, ಇವರೇ ಆ ಸಂಪಾದಕರು.

5. ಟೈಪ್ ಮಾಡಲು ಬಾರದವರಿಗೆ ದಾರಿ ಮಾಡಿಕೊಡಿ

ನಮ್ಮಲ್ಲಿ ಕನ್ನಡ ಸಲೀಸಾಗಿ ಓದುವ ಎಷ್ಟೋ ಜನರಿಗೆ ಫೋನಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲ. ಅವರು ಮಾತಾಡದೆ ಇರುವುದಕ್ಕೆ ಕಥೆ ಕಾರಣ ಅಲ್ಲ, ಒತ್ತಕ್ಷರ ಕಾರಣ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಅಂತ ಒಂದು ಸಲ ಕಥೆಯ ಕೊನೆಗೆ ತಿಳಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ ಪಾಠ ಮಾಡಲು ಹೋಗಬೇಡಿ. ಅವರು ಬರೆದರಲ್ಲ, ಅದೇ ದೊಡ್ಡದು.

6. ದಿನ ಹೇಳಿ, ಆ ದಿನ ತಪ್ಪಿಸಬೇಡಿ

ಇದೇನೂ ಹೊಸ ಕಸುಬಲ್ಲ. 1965ರಲ್ಲಿ ಶುರುವಾದ ಸುಧಾ, 1983ರಲ್ಲಿ ಬಂದ ತರಂಗದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಗೆ ಕಾದು ಕೂತ ಮನೆಗಳು ಎಷ್ಟಿದ್ದವು! ಪೇಪರ್ ಹುಡುಗ ಬರುವ ದಿನ ಗೊತ್ತಿದ್ದುದರಿಂದಲೇ ಆ ಕಾಯುವಿಕೆ. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಓದುಗನ ಮುಖ ನೋಡಿಕೊಂಡೇ ಪುಸ್ತಕ ಕೊಟ್ಟ ಅವರಿಗೆ ಹೋಲಿಸಿದರೆ ನಮ್ಮದು ಕೂತಲ್ಲೇ ಕೆಲಸ.

ಭಾನುವಾರ ಮತ್ತು ಗುರುವಾರ ಅಂದರೆ ಆ ಎರಡೇ ದಿನ. ದಿನಾ ಹಾಕುತ್ತೇನೆ ಅಂತ ಹೇಳಿ ಎಂಟನೇ ದಿನಕ್ಕೆ ಮಾಯವಾಗುವವರೇ ಜಾಸ್ತಿ. ನಾನು ನಾಲ್ಕು ಭಾಗ ಬರೆದಿಟ್ಟುಕೊಂಡ ಮೇಲೆಯೇ ಮೊದಲನೆಯದನ್ನು ಹಾಕುವುದು. ರಾತ್ರಿ 9ಕ್ಕೆ ಹಾಕಿದರೆ ಟೀವಿ ಸೀರಿಯಲ್ ಮುಗಿಸಿ ಬರುವವರು ಸಿಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ನಮಗಿಂತ 12.5 ಗಂಟೆ ಹಿಂದೆ, ಚಳಿಗಾಲದಲ್ಲಿ 13.5 ಗಂಟೆ. ಅವರ ಉತ್ತರ ಮಧ್ಯರಾತ್ರಿ ಬರುತ್ತದೆ. ಎದ್ದು ಕೂತು ಉತ್ತರಿಸಬೇಕಿಲ್ಲ, ಬೆಳಿಗ್ಗೆ ಕಾಫಿ ಜೊತೆ ಮಾಡಿದರೆ ಸಾಕು.

7. ಜಗಳಕ್ಕೆ ಬಂದವರು

ಕಥೆಯನ್ನು ಬೈದರೆ ಇರಲಿ, ನಿಮ್ಮನ್ನು ಬೈದರೆ ಬ್ಲಾಕ್ ಮಾಡಿ. ಹೆಂಗಸರಿಗೆ ಇನ್ನೊಂದು ಕಾಟ ಇದೆ. ಕಥೆಯ ಕೆಳಗೆ ಏನೂ ಹೇಳದವರು ಇನ್‌ಬಾಕ್ಸಿಗೆ ಬಂದು ‘ಊಟ ಆಯ್ತಾ’ ಅನ್ನುತ್ತಾರೆ. ಉತ್ತರ ಕೊಡಬೇಡಿ. ಓದುಗರನ್ನು ಕಳೆದುಕೊಂಡೆನಾ ಅನ್ನುವ ಯೋಚನೆಯೂ ಬೇಡ, ಅವರು ಓದುಗರಲ್ಲ.

8. ಇಷ್ಟೆಲ್ಲ ಮಾಡಿದರೂ ಯಾರೂ ಮಾತಾಡದಿದ್ದರೆ

ಮೊದಲು ಪ್ರತಿ ಭಾಗವನ್ನು ಎಷ್ಟು ಜನ ಓದಿದ್ದಾರೆ ನೋಡಿ. ಒಂದನೇ ಭಾಗಕ್ಕೆ 500, ಎರಡಕ್ಕೆ 480, ಮೂರಕ್ಕೆ 150 ಇದೆ ಅಂದುಕೊಳ್ಳಿ. ಜನ ಎದ್ದುಹೋದದ್ದು ಎರಡನೇ ಭಾಗ ಓದಿದ ಮೇಲೆ. ಮೂರನ್ನು ತಿದ್ದಿ ಉಪಯೋಗ ಇಲ್ಲ, ಎರಡನ್ನು ತಿದ್ದಬೇಕು. ಎಲ್ಲ ಭಾಗದ ಲೆಕ್ಕ ಹೆಚ್ಚುಕಮ್ಮಿ ಒಂದೇ ಇದ್ದು ಮಾತು ಮಾತ್ರ ಇಲ್ಲದಿದ್ದರೆ ಚಿಂತೆ ಬೇಡ. ಸುಮ್ಮನೆ ಓದಿಕೊಂಡು ಹೋಗುವವರು ಯಾವಾಗಲೂ ಜಾಸ್ತಿಯೇ.

ಲೆಕ್ಕವೂ ಬೀಳುತ್ತಿದ್ದು ಕಾರಣ ತಿಳಿಯದಿದ್ದರೆ ಫೋನ್ ಪಕ್ಕಕ್ಕಿಡಿ. ಮನೆಯಲ್ಲಿ ಯಾರಾದರೂ ಒಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿ. ಅವರು ಬಾಯಲ್ಲಿ ಹೇಳುವುದನ್ನು ಪೂರ್ತಿ ನಂಬಬೇಡಿ, ಮನೆಯವರು ಚೆನ್ನಾಗಿದೆ ಅಂದೇ ಅನ್ನುತ್ತಾರೆ. ಅವರ ಕೈ ನೋಡಿ. ನಮ್ಮತ್ತೆ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಗಂಡ ಹೆಂಡತಿ ಚಾಕುವಿನ ಜಾಗ ಬಂದಾಗ ಸುಲಿಯುವುದು ನಿಂತಿತು. ಮುಂದೆ ನಾನು ಮಲೆನಾಡಿನ ಮಳೆಯನ್ನು ಎರಡು ಪ್ಯಾರಾ ವರ್ಣಿಸಿದ್ದೆ, ನನಗೆ ತುಂಬಾ ಇಷ್ಟವಾದ ಪ್ಯಾರಾಗಳು. ಅಷ್ಟರಲ್ಲಿ ಅತ್ತೆ ‘ಕುಕ್ಕರ್ ಕೂಗಿತೇನೋ, ನೋಡ್ತೀನಿ ಇರು’ ಅಂತ ಎದ್ದರು.

ಕುಕ್ಕರ್ ಇನ್ನೂ ಕೂಗಿರಲಿಲ್ಲ. ಆ ಎರಡು ಪ್ಯಾರಾ ತೆಗೆದು ಗುರುವಾರ ರಾತ್ರಿ ಹಾಕಿದೆ.